ಬೆಲ್ಲದ ಕಡಾಯಿಯ ಸವಾರಿ

ಸಾಯಗಾಂವ, ತಾ. ಭಾಲ್ಕಿ, ಜಿ. ಬೀದರ, ಮೈಸೂರು ರಾಜ್ಯ
ಬಲಿಪಾಡ್ಯ, ಗುರುವಾರ, ೨೪-೧೦-೧೯೫೭

ಪ್ರೀತಿಯ ಕಂಪೌಂಡರ ಸಾಹೇಬರಿಗೆ,

ನಿಮ್ಮ ಜನಾಬಾಯಿಯ ನಮಸ್ಕಾರ. ಮೈಯಲ್ಲಿ ಹೇಗಿದ್ದೀರಿ? ಕೆಮ್ಮು ನಿಂತಿತೇ? ಕಡಲ ಗಾಳಿಗೆ ಅಂಗಿ ಒಣಗುವುದೇ ಇಲ್ಲ ಎಂದು ಬರೆದಿದ್ದಿರಿ. ನೀವು ಹಸಿ ಅಂಗಿಯನ್ನೇ ತೊಟ್ಟು ದವಾಖಾನೆಗೆ ಹೋಗಿರುತ್ತೀರಿ, ನನಗೆ ಗೊತ್ತಿಲ್ಲವೇ? ಊರ ದನಗಳ ಬಾಯಿ ಅಗಲಿಸಿ ಔಷಧಿ ಹೊಯ್ಯುವವರು ನಿಮ್ಮ ಗಂಟಲಿಗೆ ಒಂದು ಲೋಟ ಬಿಸಿನೀರು ಹೊಯ್ದುಕೊಳ್ಳುವುದಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಮಾವನವರ ಮೊಣಕಾಲಿನ ಬಾವು ಇಳಿದಿದೆ. ನೀವು ಕಳಿಸಿದ ಎಣ್ಣೆಯಿಂದ ಎಂದು ನಾನು ಹೇಳುತ್ತೇನೆ, ವಿಠ್ಠಲನ ದಯೆಯಿಂದ ಎಂದು ಅವರು ಹೇಳುತ್ತಾರೆ. ಅತ್ತೆಯವರು ಹಬ್ಬಕ್ಕೆ ಕರ್ಜಿಕಾಯಿ ಕರಿದಾಗ ನಿಮ್ಮ ಪಾಲೆಂದು ಹನ್ನೊಂದು ತೆಗೆದಿಟ್ಟರು. ಸಂಜೆಯೊಳಗೆ ಅದರಲ್ಲಿ ಐದನ್ನು ತಾವೇ ತಿಂದು, ಮಗ ಇದ್ದಿದ್ದರೆ ತಿನ್ನು ಅನ್ನುತ್ತಿದ್ದ ಎಂದರು. ಮೆಹಕರದಿಂದ ನಮ್ಮಪ್ಪ ಬಂದು ಎರಡು ದಿನ ಇದ್ದು ಹೋದ. ಕುರಿಗಳೆಲ್ಲ ಚೆನ್ನಾಗಿವೆ. ಕಪ್ಪು ಮೂತಿಯದು ಅವಳಿ ಹಾಕಿದೆ.

ನಿಮ್ಮ ಪತ್ರ ದಸರೆಯ ಮರುದಿನ ಕೈಸೇರಿತು. ಇಪ್ಪತ್ತು ದಿನವಾಯಿತು, ನಾನು ಉತ್ತರ ಬರೆಯಲಿಲ್ಲ. ಸಿಟ್ಟಾಗಿದ್ದರೆ ಆಗಿ, ಆದರೆ ಪೂರ್ತಿ ಓದಿದ ಮೇಲೆ ಆಗಿ. ಪತ್ರದ ಕೊನೆಗೆ ಏನು ಬರೆದಿದ್ದಿರಿ, ನೆನಪಿದೆಯೇ? ನೀನು ಹೊಳೆ ದಾಟುವವಳಲ್ಲ, ನಾನು ನಿನ್ನನ್ನು ಬಿಟ್ಟು ಇರುವವನಲ್ಲ, ನವೆಂಬರ ಎಂಟಕ್ಕೆ ರಾಜೀನಾಮೆ ಕೊಟ್ಟು ಬಂದು ಅಪ್ಪನ ಕುರಿ ಕಾಯುತ್ತೇನೆ. ಓದಿ ನನಗೆ ಮೊದಲು ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಸಂತೋಷವಾಯಿತು. ಆಮೇಲೆ ಕಣ್ಣಲ್ಲಿ ನೀರು ಬಂತು. ಬೀದರದ ಚಿದ್ರಿಯ ಆ ತಗಡಿನ ಖೋಲಿಯಲ್ಲಿ ಎರಡು ವರ್ಷ ಒಂದೇ ಹೊತ್ತು ಉಂಡು ನೀವು ಈ ನೌಕರಿಯ ಪರೀಕ್ಷೆ ಪಾಸು ಮಾಡಿದಿರಿ. ಕುರಿ ಕಾಯುವವರ ಮನೆತನದಲ್ಲಿ ಸರಕಾರದ ಕುರ್ಚಿಯ ಮೇಲೆ ಕುಳಿತವರು ನೀವೊಬ್ಬರೇ. ನಿಮ್ಮನ್ನು ಆ ಕುರ್ಚಿಯಿಂದ ಎಬ್ಬಿಸುವುದು ನನ್ನ ಹೆದರಿಕೆ ಎಂದರೆ ನಾನು ಈ ಮನೆಯಲ್ಲಿ ಹೇಗೆ ತಲೆಯೆತ್ತಿ ಓಡಾಡಲಿ? ಹಾಗೆಂದು ಬರುತ್ತೇನೆ ಎಂದು ಬರೆದು, ಹೊನ್ನಾವರದ ದಂಡೆಯವರೆಗೆ ಬಂದು, ನೀರು ನೋಡಿ ಹಿಂದೆ ತಿರುಗಿದರೆ? ಅದಕ್ಕೇ ಪೆನ್ನು ಹಿಡಿಯಲಿಲ್ಲ.

ಮಾವನವರು ಮಾತ್ರ ತಪ್ಪೆಲ್ಲ ಹೊಸ ರಾಜ್ಯದ್ದು ಎನ್ನುತ್ತಾರೆ. ಚಾವಡಿಯ ಫಲಕದ ಮೇಲೆ ಮೈಸೂರು ರಾಜ್ಯ ಎಂದು ಬರೆಸಿ ಒಂದು ವರ್ಷವಾಗುತ್ತ ಬಂತಲ್ಲ, ಅದರ ಮುಂದೆ ಹಾಯುವಾಗಲೆಲ್ಲ ಅವರ ಭಾಷಣ ತಪ್ಪುವುದಿಲ್ಲ. "ನಿಜಾಮನ ಕಾಲದಾಗ ನೌಕರದವರಿಗಿ ದೂರ ಒಗದ್ರು ಅಂದ್ರ ಔರಾದಿಗಿ ಒಗೀತಿದ್ರು. ಈಗ ರಾಜ್ಯ ದೊಡ್ಡದಾತು, ನನ್ನ ಮಗ ಅದರ ತುದಿಗಿ ಹೋದ." ಔರಾದಿಗಾದರೆ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬರಬಹುದಿತ್ತು ಎಂದು ಅವರ ಸಂಕಟ. ಆ ಮಾತು ನನಗೂ ಖರೆ ಎನಿಸುತ್ತದೆ.

ನನ್ನ ಹೆದರಿಕೆ ನಿಮಗೆ ಹೊಸದಲ್ಲ. ಏಳು ವರ್ಷದವಳಿದ್ದಾಗ ಮೆಹಕರದ ಮೆಟ್ಟಿಲಬಾವಿಗೆ ಜಾರಿ ಬಿದ್ದೆ, ಜಡೆ ಹಿಡಿದು ಎಳೆದು ತೆಗೆದರು. ಅಂದಿನಿಂದ ನಿಂತ ನೀರಾಗಲಿ ಹರಿವ ನೀರಾಗಲಿ, ಪಾದ ಮುಳುಗಿತೆಂದರೆ ನನಗೆ ಉಸಿರು ಸಿಕ್ಕುವುದಿಲ್ಲ. ನಮ್ಮ ಮದುವೆಯ ದಿಬ್ಬಣ ನನ್ನಿಂದಾಗಿ ಮಾಂಜ್ರಾ ಹೊಳೆ ದಾಟದೆ, ಹನ್ನೊಂದು ಮೈಲಿ ಸುತ್ತು ಹಾಕಿ ಬಂದು, ಊಟದ ಹೊತ್ತು ಮೀರಿ, ಅನ್ನವೆಲ್ಲ ಆರಿ ಹೋಗಿ, ನಿಮ್ಮ ಸೋದರಮಾವ ಮುನಿಸಿಕೊಂಡದ್ದು ಈಗಲೂ ಊರ ಬಾಯಲ್ಲಿದೆ. ನೀವು ಆಷಾಢದಲ್ಲಿ ಬದಲಿಯ ಆರ್ಡರ್ ತೋರಿಸಿ, ಕ್ವಾರ್ಟರ್ಸ್ ಹೊನ್ನಾವರದ ಹೊಳೆಯ ಆಚೆ ದಂಡೆಗಿದೆ, ಹೊಳೆ ಅಲ್ಲಿ ಕಡಲು ಕೂಡುತ್ತದೆ, ಅಗಲ ಒಂದು ಮೈಲಿ, ಲಾಂಚಿನಲ್ಲೇ ದಾಟಬೇಕು ಎಂದು ಹೇಳಿದಾಗ ನಾನು ಒಳಗೆ ಹೋಗಿ ಜೋಳ ಕೇರುತ್ತ ಕೂತೆ. ಕೇರಿದ ಜೋಳವನ್ನೇ ಮೂರು ಸಲ ಕೇರಿದೆ.

ಈಗ ಯಾರೂ ನಿಮಗೆ ಬರೆಯದ ಸುದ್ದಿ ಹೇಳುತ್ತೇನೆ. ಅತ್ತೆಯವರಿಗೆ ಗೊತ್ತು, ಮಾವನವರಿಗೆ ಗೊತ್ತಿದ್ದೂ ಗೊತ್ತಿಲ್ಲ. ನಾನು ದಿನಾ ಬೆಳಿಗ್ಗೆ ಬೆಲ್ಲದ ಕಡಾಯಿಯಲ್ಲಿ ಕುಳಿತು ಹೊಳೆಗೆ ಇಳಿಯುತ್ತಿದ್ದೇನೆ. ನಗಬೇಡಿ. ಗಾಣದ ಮುನೀರೋದ್ದೀನ ಸಾಹೇಬರ ಆ ದೊಡ್ಡ ಕಡಾಯಿ ಕಬ್ಬು ಅರೆಯುವ ದಿನಗಳಲ್ಲಿ ಒಲೆಯ ಮೇಲೆ, ಮಳೆ ನಿಂತು ಹೊಳೆ ಇಳಿದ ಮೇಲೆ ದೀಪಾವಳಿಯವರೆಗೆ ನೀರಿನ ಮೇಲೆ ಇರುವುದು ನಿಮಗೆ ಗೊತ್ತೇ ಇದೆ. ಹಗಲಿಡೀ ಚಾಂದ ಪಾಶಾ ಅದರಲ್ಲಿ ಜನರನ್ನು ದಾಟಿಸುತ್ತಾನೆ. ಬೆಳಗಿನ ಹೊತ್ತು ಮಾತ್ರ ಅದು ಅವನ ಹೆಂಡತಿ ಖತೀಜಾ ಬೇಗಂಳದು, ಅವಳು ಮೀನು ಹಿಡಿಯುತ್ತಾಳೆ. ನಿಮ್ಮ ಪತ್ರ ಓದಿದ ಮರುದಿನ ನಾನು ಹೋಗಿ ದಂಡೆಯ ಮೇಲೆ ನಿಂತೆ. ಖತೀಜಾ ಬೇಗಂ ಏನೆಂದು ಕೇಳಿದಳು. ಎಲ್ಲ ಹೇಳಿದೆ. ಹೆದರಿಕೆ ಸ್ವಲ್ಪ ಕಡಿಮೆಯಾಗಲಿ, ಆಮೇಲೆ ಹತ್ತುತ್ತೇನೆ ಎಂದೆ. ಅವಳು ಎಲೆ ಅಡಿಕೆ ಉಗುಳಿ, "ಹೆದರಿಕಿ ಹೋಗ್ಲಿ ಅಂತ ಕುಂತ್ರ ಹೊಳಿನೇ ಬತ್ತಿ ಹೋಗ್ತದ ಬೇಟಿ. ಅದಕ್ಕೂ ಸಂಗಾಟ ಕರಕೊಂಡು ಬಾ, ಕಡಾಯ್ದಾಗ ಜಾಗ ಅದ" ಎಂದಳು.

ಮೊದಲ ದಿನ ಏನಾಯಿತು ಕೇಳಬೇಡಿ. ಕಡಾಯಿಗೆ ಹಿಂದೆ ಮುಂದೆ ಎಂಬುದಿಲ್ಲ. ಹಲಗೆಯಿಂದ ಒಂದು ಕಡೆ ನೀರು ತಳ್ಳಿದರೆ ತಾನೇ ಗರಗರ ತಿರುಗುತ್ತದೆ. ಎರಡೂ ದಂಡೆ, ಊರ ಗುಡಿ, ದರ್ಗಾದ ಹುಣಸೆ ಮರ ಎಲ್ಲ ನನ್ನ ಸುತ್ತ ತಿರುಗಿದವು. ತಿಂದ ರೊಟ್ಟಿ ಹೊಳೆಯ ಪಾಲಾಯಿತು. ಎರಡನೆಯ ದಿನ ನಾನೊಂದು ಉಪಾಯ ಮಾಡಿದೆ. ನಮ್ಮಂಥ ಕುರಿಗಾರರ ತಲೆಗೆ ಬೇರೇನು ಹೊಳೆದೀತು? ಕುರಿಯನ್ನು ಮೊಣಕಾಲ ಸಂದಿಯಲ್ಲಿ ಒತ್ತಿ ಹಿಡಿದರೆ ನನಗೆ ಎಂಥ ಗುಡುಗಿಗೂ ಎದೆ ಹೊಡೆದುಕೊಳ್ಳುವುದಿಲ್ಲ. ಹಾಗಾಗಿ ನಮ್ಮ ಸಾಧು ಸ್ವಭಾವದ ಕಂದು ಕುರಿಯನ್ನು ಎತ್ತಿಕೊಂಡು ಹೋಗಿ ಕಡಾಯಿಯಲ್ಲಿ ಕೂರಿಸಿಕೊಂಡೆ. ಖತೀಜಾ ಬೇಗಂ ಕಡಾಯಿಯನ್ನು ನೀರಿಗೆ ಬಿಟ್ಟಳು. ಸೊಂಟದಷ್ಟು ನೀರಿಗೆ ಹೋಗಿದ್ದೆವೋ ಇಲ್ಲವೋ, ದಂಡೆಯ ಮೇಲೆ ಹಿಂಡು ಒದರಿದ್ದು ಕೇಳಿ ಆ ಸಾಧು ಕುರಿ ನನ್ನ ಕೈ ಕೊಸರಿಕೊಂಡು ನೀರಿಗೆ ಹಾರಿತು. ನಾನು ಅದನ್ನು ಹಿಡಿಯಲು ಬಗ್ಗಿದೆ, ಕಡಾಯಿ ಓರೆಯಾಗಿ ಒಳಗೆ ನೀರು ನುಗ್ಗಿತು. ಖತೀಜಾ ಬೇಗಂ ನನ್ನ ರಟ್ಟೆಗೆ ಫಟ್ಟನೆ ಒಂದು ಏಟು ಕೊಟ್ಟಳು. "ಕುರಿ ಈಜ್ತದ. ನೀ ಸುಮ್ನ ಕೂಡು."

ಕೂತೆ. ಕುರಿ ಮೂತಿ ಎತ್ತಿಕೊಂಡು ನೆಟ್ಟಗೆ ಈಜಿ ದಂಡೆ ಹತ್ತಿ ಮೈ ಕೊಡವಿ ಮೇಯತೊಡಗಿತು. ನಾನು ಅಂಗೈಯಷ್ಟು ನೀರಿನಲ್ಲಿ ಸೀರೆ ನೆನೆಸಿಕೊಂಡು ಕೂತಿದ್ದೆ, ಉಸಿರೂ ಆಡುತ್ತಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಂದಿನಿಂದ ಕಡಾಯಿಗೆ ಬಂದ ನೀರನ್ನು ನಾನೇ ತಟ್ಟೆಯಿಂದ ಎತ್ತಿ ಹೊರಗೆ ಹಾಕುತ್ತೇನೆ.

ಈ ದಿನಗಳ ಚೆಲುವನ್ನು ನಿಮಗೆ ಹೇಗೆ ಬರೆಯಲಿ? ಹಸ್ತಾ ಮಳೆ ಹೋಗಿ ಆಕಾಶ ತೊಳೆದಿಟ್ಟ ಹಾಗಿದೆ. ಹೊಳೆಯ ಕೆಂಪೆಲ್ಲ ತಳಕ್ಕಿಳಿದು ನೀರು ತಿಳಿಯಾಗಿದೆ, ದಂಡೆಯ ಹತ್ತಿರ ಕಲ್ಲು ಕಾಣುತ್ತವೆ. ಎರಡೂ ಬದಿಗೆ ಬಿಳಿ ಹುಲ್ಲು ತೆನೆ ಬಿಟ್ಟಿದೆ, ಮೇಲೆ ಹೊಲಗಳಲ್ಲಿ ತೊಗರಿ ಹಳದಿ ಹೂವಾಗಿದೆ. ಬೆಳಗಿನ ಚಳಿಗೆ ಮೂಗು ತಣ್ಣಗೆ, ಬೆನ್ನಿಗೆ ಎಳೆಬಿಸಿಲು. ಕಡಾಯಿಯಲ್ಲಿ ಇನ್ನೂ ಹೋದ ವರ್ಷದ ಬೆಲ್ಲದ ವಾಸನೆ ಇದೆ, ಅಂಚಿನ ಮೇಲೆ ಇರುವೆ ಸಾಲು ಹಿಡಿದಿರುತ್ತವೆ. ನೀರಿನ ಮೇಲೆ ಅವಕ್ಕೆ ದಿಕ್ಕು ತೋಚದೆ ಸುತ್ತುಹಾಕುತ್ತಲೇ ಇರುತ್ತವೆ. ಖತೀಜಾ ಬೇಗಂ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ ಸಂಜೆಯೇ ಬಿಟ್ಟಿರುತ್ತಾಳೆ, ಬೆಳಿಗ್ಗೆ ನಾವು ಆ ಹಗ್ಗ ಹಿಡಿದುಕೊಂಡೇ ಮುಂದೆ ಸಾಗುತ್ತೇವೆ. ಗಾಳಕ್ಕೆ ಹಿಟ್ಟು ನಾದಿ ಕೊಡುವುದು ನನ್ನ ಕೆಲಸ. ಮೊದಮೊದಲು ಹಗ್ಗ ಜಗ್ಗಿದರೆ ನನ್ನನ್ನೇ ಯಾರೋ ಒಳಗೆ ಎಳೆದಂತೆ ಕೂಗುತ್ತಿದ್ದೆ. ಹೋದ ಸೋಮವಾರ ನನ್ನ ಕೈಗೇ ಒಂದು ಕೊರಮೀನು ಬಂತು, ಮೊಳಕೈಯಷ್ಟು ಉದ್ದ. ಆ ಹೊತ್ತಿನಲ್ಲಿ ನೀರಿನ ನೆನಪೇ ಇರಲಿಲ್ಲ ಎಂದು ಆಮೇಲೆ ಹೊಳೆಯಿತು. ಇಷ್ಟು ವರ್ಷ ಈ ಹೊಳೆಯ ದಂಡೆಯಲ್ಲೇ ಇದ್ದು ಇಷ್ಟು ಸುಖವನ್ನು ಬಿಟ್ಟುಕೊಟ್ಟೆನಲ್ಲ ಎಂದು ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಮಾವನವರು ಕೊರಳಲ್ಲಿ ತುಳಸಿ ಮಾಲೆ ಹಾಕಿದವರು, ಮೀನು ನಮ್ಮ ಅಂಗಳ ದಾಟುವಂತಿಲ್ಲ. ಆದ್ದರಿಂದ ನಾನು ಹಿಡಿದದ್ದೆಲ್ಲ ಖತೀಜಾ ಬೇಗಂಳ ಬುಟ್ಟಿಗೆ. ನಾನು ಮನೆಗೆ ಬರುವ ಹೊತ್ತಿಗೆ ಮಾವನವರು ಕಣ್ಣು ಮುಚ್ಚಿ ಅಭಂಗ ಹೇಳುತ್ತ ಕೂತಿರುತ್ತಾರೆ, ನಾನು ಕೈ ತೊಳೆದು ಒಳಗೆ ಹೋದ ಮೇಲೆ ಕಣ್ಣು ತೆರೆಯುತ್ತಾರೆ. ಅತ್ತೆಯವರು ಮಾಲೆ ಹಾಕಿಲ್ಲವಲ್ಲ, ಮಧ್ಯಾಹ್ನ ಖತೀಜಾ ಬೇಗಂಳ ಮನೆಗೆ ಉಪ್ಪು ಕೇಳುವ ನೆಪ ಮಾಡಿ ಹೋಗುತ್ತಾರೆ. ಬರುವಾಗ ಬಾಯಲ್ಲಿ ಬಡೇಸೋಪು. ಉಪ್ಪು ತಂದದ್ದನ್ನು ನಾನಂತೂ ನೋಡಿಲ್ಲ. ನೀವು ಅಲ್ಲಿ ಬಂಗುಡೆ ಮೀನು ತಿನ್ನಲು ಕಲಿತ ಸುದ್ದಿಯನ್ನು ನಾನು ಅವರಿಗೆ ಮಾತ್ರ ಓದಿ ಹೇಳಿದೆ. ಮಗ ಒಳ್ಳೆಯ ಊರಿಗೆ ಹೋಗಿದ್ದಾನೆ ಎಂದರು.

ಇಷ್ಟೆಲ್ಲ ಬರೆದರೂ ಬರುತ್ತೇನೆ ಎಂಬ ಮಾತು ಬರೆಯಲು ನನಗೆ ಇನ್ನೂ ಆಗುತ್ತಿಲ್ಲ. ಇದುವರೆಗೆ ನಾವು ಹೋದದ್ದೆಲ್ಲ ಈ ದಂಡೆಯ ಬದಿಗೇ. ನಡುವೆ ಆ ಮಡುವಿದೆಯಲ್ಲ, ನೀರು ಹಸಿರು ಹೋಗಿ ಕಪ್ಪಾಗುವ ಜಾಗ, ಅಲ್ಲಿಗೆ ಬಂದರೆ ನಾನು ಸಾಕು ಎನ್ನುತ್ತೇನೆ, ಖತೀಜಾ ಬೇಗಂ ಸುಮ್ಮನೆ ತಿರುಗಿಸುತ್ತಾಳೆ. ನಾಲ್ಕು ಸಲ ಹೀಗೇ ಆಯಿತು. ನಿನ್ನೆ ಐದನೆಯದು. ನಮ್ಮ ಮಾಂಜ್ರಾವನ್ನೇ ದಾಟದವಳು ನಿಮ್ಮ ಕಡಲಬಾಯಿಯನ್ನು ಹೇಗೆ ದಾಟಲಿ? ಇದನ್ನು ದಾಟದೆ, ಬರುತ್ತೇನೆ ಎಂದು ಬರೆದರೆ ಅದು ನಿಮಗೆ ಮೋಸ. ಮುನೀರೋದ್ದೀನ ಸಾಹೇಬರು ಶನಿವಾರ ಮಧ್ಯಾಹ್ನ ಕಡಾಯಿ ಒಯ್ದು ಒಲೆಗೆ ಏರಿಸುತ್ತಾರಂತೆ, ಕಬ್ಬು ಕಡಿದಾಗಿದೆ. ಆಮೇಲೆ ಬರುವ ವರ್ಷವೇ. ನನಗೆ ಉಳಿದದ್ದು ಎರಡು ಬೆಳಗು. ಶನಿವಾರವೇ ಟಪಾಲೂ ಭಾಲ್ಕಿಗೆ ಹೋಗುವುದು, ಅಲ್ಲಿಯವರೆಗೆ ಈ ಪತ್ರ ನನ್ನ ಪೆಟ್ಟಿಗೆಯಲ್ಲೇ ಇರುತ್ತದೆ.

ಆದರೂ ಒಂದು ಮಾತು. ನಾನು ದಾಟದಿದ್ದರೂ ನೀವು ರಾಜೀನಾಮೆ ಕೊಡುವುದು ನನಗೆ ಬೇಡ. ನಾನು ಇಲ್ಲೇ ಇದ್ದು ರಜೆಗಳ ದಾರಿ ಕಾಯುತ್ತೇನೆ. ಹೀಗೆ ಬರೆಯುವುದು ಸುಲಭ, ಇರುವುದು ಕಷ್ಟ. ಸಂಜೆ ಎರಡೇ ತಟ್ಟೆಗೆ ರೊಟ್ಟಿ ಬಡಿಸಿ, ಮೂರನೆಯದಾದ ನಿಮ್ಮ ತಟ್ಟೆಯನ್ನು ಗೋಡೆಗೆ ಒರಗಿಸಿಟ್ಟು ನಾನು ಅಡುಗೆಮನೆಯಲ್ಲೇ ಉಂಡುಬಿಡುತ್ತೇನೆ. ನಿಮ್ಮ ನೆನಪು ಬಹಳ ಆಗುತ್ತದೆ. ಬಿಸಿನೀರು ಕುಡಿಯಿರಿ, ಅಂಗಿಯನ್ನು ಒಲೆಯ ಮೇಲಾದರೂ ಒಣಗಿಸಿ ತೊಟ್ಟುಕೊಳ್ಳಿ. ನಿಮ್ಮ ತಾಯಿತಂದೆಯರ ಆಶೀರ್ವಾದವೂ ಖತೀಜಾ ಬೇಗಂಳ ದುವಾವೂ ನಿಮ್ಮ ಮೇಲಿರಲಿ.

ನಿಮ್ಮವಳೇ,
ಜನಾ

ತಾ.ಕ. ಶನಿವಾರ ಬೆಳಿಗ್ಗೆ. ಟಪಾಲಿನ ಪಂಢರಿ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ಕೈ ಇನ್ನೂ ಒದ್ದೆ, ಅಕ್ಷರ ಹರಡಿದರೆ ಬಯ್ಯಬೇಡಿ. ದಾಟಿದೆ. ನಿನ್ನೆಯೂ ಆಗಲಿಲ್ಲ, ಇವತ್ತು ದಾಟಿದೆ. ಮಡುವಿನ ಮೇಲೆ ಸಾಕು ಎಂಬ ಮಾತು ಬಾಯಿಗೆ ಬಂತು, ಹಲ್ಲು ಕಚ್ಚಿಕೊಂಡೆ. ಆಚೆ ದಂಡೆಯಲ್ಲಿ ಇಳಿದು ಒಂದಿಷ್ಟು ಅತ್ತು, ಮುಖ ತೊಳೆದುಕೊಂಡು, ಹಲಗೆ ನಾನೇ ಹಿಡಿದು ಹಿಂದಕ್ಕೆ ಬಂದೆ. ರಾಜೀನಾಮೆ ಬರೆದಿಟ್ಟಿದ್ದರೆ ಹರಿದು ಒಲೆಗೆ ಹಾಕಿ. ನವೆಂಬರ ಆರಕ್ಕೆ ಹೊನ್ನಾವರದಲ್ಲಿ ಇಳಿಯುತ್ತೇನೆ. ಮಾವನವರು ಕಡಲು ನೋಡುತ್ತೇನೆಂದು ಜೊತೆಗೆ ಹೊರಟಿದ್ದಾರೆ, ಕುರಿಗಳನ್ನು ನಮ್ಮಪ್ಪ ನೋಡಿಕೊಳ್ಳುತ್ತಾನೆ. ನೀವು ಹೊಳೆ ದಾಟಿ ನನ್ನನ್ನು ಕರೆಯಲು ಬರಬೇಡಿ. ಆಚೆ ದಂಡೆಯಲ್ಲೇ ನಿಂತಿರಿ, ನಾನೇ ಬರುತ್ತೇನೆ.