ಲೆಮಾಲು ಮಾವ ಓಡಿಸಿದ ಪಾರಿವಾಳ

ಸವಾಯಿ ದ್ವೀಪ

ಅಪಿಯಾದಲ್ಲಿರುವ ಅಕ್ಕನಿಗೆ ಲಗಿಯ ನಮಸ್ಕಾರ.

ಗಂಡನ ಊರಿನಲ್ಲಿ ಎಲ್ಲವೂ ಇದೆ, ನೀರೊಂದು ಬಿಟ್ಟು. ಅಪರೂಪದ ಮನುಮಾ ಪಾರಿವಾಳ ಯಾವ ಊರಿನಲ್ಲಿ ಕಾಣುತ್ತದೋ ಆ ಊರಿಗೆ ನೀರಿನ ಟ್ಯಾಂಕು ಎಂದು ಹೇಳಿಕೊಂಡು ಹಕ್ಕಿ ಕಾಯುವ ಇಲಾಖೆಯ ಸಾಹೇಬರು ಬಂದಿದ್ದರು. ಊರಿನ ಭಾಷಣಕಾರರಾದ ನಮ್ಮ ಲೆಮಾಲು ಮಾವ ಆಲದ ಮರದಡಿ ಕೋಲೂರಿ ನಿಂತು, ಪಾರಿವಾಳದ ಗಾದೆಗಳನ್ನೆಲ್ಲ ಒಂದೊಂದಾಗಿ ಬಿಚ್ಚತೊಡಗಿದರು. ಅಷ್ಟರಲ್ಲಿ ಅವರ ನೆತ್ತಿಯ ಮೇಲೆ ಆಲದ ಹಣ್ಣೊಂದು ಬಿತ್ತು. ಮೇಲೆ ನೋಡಿದರೆ ಬೆಣ್ಣೆ ಬಣ್ಣದ ಹಕ್ಕಿ! ತಲೆಗೆ ಕುಂಕುಮಗೆಂಪಿನ ಟೋಪಿ, ಬೆನ್ನಿಗೆ ಅದೇ ಬಣ್ಣದ ಶಾಲು. ಆಗಷ್ಟೇ ಸನ್ಮಾನ ಮಾಡಿಸಿಕೊಂಡು ಬಂದ ಹಾಗೆ ಕೂತು, ಭಾಷಣಕ್ಕೆ ಕಿವಿಗೊಡದೆ ಹಣ್ಣು ನುಂಗುತ್ತಿತ್ತು.

“ಯಾರ್ರೋ ಅಲ್ಲಿ, ಆ ಗಿಣೀನ ಓಡಿಸ್ರೋ! ಮನುಮಾ ಬಗ್ಗೆ ಮಾತಾಡ್ತಿರೋದು ಕಾಣಲ್ವಾ?” ಎಂದು ಮಾವ ತಾವೇ ಕೋಲು ಬೀಸಿದರು.

ಅವರ ಅಕ್ಕ, ನನ್ನ ಅತ್ತೆ, ಹಣೆ ಚಚ್ಚಿಕೊಂಡರು. “ಅಯ್ಯೋ ಪುಣ್ಯಾತ್ಮ, ಅದೇ ಕಣೋ ನಿನ್ನ ಮನುಮಾ!”

ಹಕ್ಕಿ ಹಾರಿತು. ಸಾಹೇಬರು ದುರ್ಬೀನು ಹಿಡಿದು ಅದರ ಹಿಂದೆಯೇ ಓಡಿದರು. ಅದು ಪಕ್ಕದೂರಿನ ಆಲದ ಮರದಲ್ಲಿ ಹೋಗಿ ಕೂತಿತು. ಟ್ಯಾಂಕೂ ಅಲ್ಲಿಗೇ ಹೋಯಿತು.

ಇನ್ನೂ ಒರತೆಯಿಂದಲೇ ನೀರಿನ ಬಕೆಟ್ಟು ಹೊತ್ತು ನನ್ನ ಸೊಂಟ ಹಿಡಿದಿದೆ. ನೋವಿನ ಮುಲಾಮು ಕಳಿಸು, ಮರೆಯಬೇಡ.

ಈ ಕಾಗದ ಒಯ್ಯುವ ಬಸ್ಸು ಹೊರಡುತ್ತಿದೆ, ಇದೊಂದು ಹೇಳಿ ಮುಗಿಸುತ್ತೇನೆ. ನಾಳೆ ಆ ಟ್ಯಾಂಕಿನ ಉದ್ಘಾಟನೆ. ಅವರೂರಿನಲ್ಲಿ ಭಾಷಣ ಬಲ್ಲವರಿಲ್ಲವೆಂದು ನಮ್ಮ ಮಾವನನ್ನೇ ಕರೆದಿದ್ದಾರೆ. ವಿಷಯ: ಮನುಮಾವನ್ನು ಗುರುತಿಸುವುದು ಹೇಗೆ.

ಲಗಿ