ಏಳನೆಯ ಪ್ರಶ್ನೆಯ ಅಂಕ

ಕಣಗಲಾ
ಬುಧವಾರ, ೧೨ ನವೆಂಬರ್ ೨೦೨೫

ರವಿವಾರದ ಹತ್ತು ಪ್ರಶ್ನೆಗಳ ಮಾಸ್ತರರಿಗೆ, ಅಂದರೆ ನಮ್ಮ ಮನೆಯವರಿಗೆ, ದಾನೇಶ್ವರಿಯ ನಮಸ್ಕಾರ.

ಪತ್ರ ಯಾಕೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ "ಆಮ್ಯಾಗ ಮಾತಾಡೂಣು" ಎಂದು ಇಟ್ಟುಬಿಡುತ್ತೀರಿ. ಪತ್ರವನ್ನು ಹಾಗೆ ಇಡಲು ಬರುವುದಿಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ.

ಮೊನ್ನೆ ನಿಮ್ಮ ತಮ್ಮ ಮಹಾಂತೇಶ ಇಲ್ಲಿ ನನ್ನ ತವರಿಗೆ ಬಂದಿದ್ದ. ಕರದಂಟಿನ ಡಬ್ಬಿ ಕೈಗೆ ಕೊಟ್ಟು, "ವೈನಿ, ಏಳು ವಾರ ಆತು, ಸಿಟ್ಟು ಬಿಟ್ಟು ಬರ್ರಿ, ಅಣ್ಣ ಖಾನಾವಳಿ ರೊಟ್ಟಿ ತಿಂದು ಸೊರಗ್ಯಾನ" ಎಂದ. ಕರದಂಟು ಅವ್ವ ತಿಂದಳು. ನಿಮ್ಮ ರೊಟ್ಟಿಯ ಕಷ್ಟ ಕೇಳಿ ನನಗೆ ಮರುಕ ಬರಲಿಲ್ಲ, ಮೈ ಉರಿಯಿತು. ಒಂದು ಅಂಕಕ್ಕಾಗಿ ಯಾರಾದರೂ ಗಂಡನ ಮನೆ ಬಿಡುತ್ತಾರೆಯೇ ಎಂದು ಓಣಿಯೆಲ್ಲ ನಗುತ್ತಿದೆಯಂತೆ. ನಗಲಿ. ನಡೆದದ್ದನ್ನು ನೀವು ಅವರಿಗೆ ಪೂರ್ತಿ ಹೇಳಿರಲಿಕ್ಕಿಲ್ಲ.

ಗೋಕಾಕದ ವಾಚನಾಲಯದ ಕಟ್ಟೆಯಲ್ಲಿ ಪ್ರತಿ ರವಿವಾರ ಮುಂಜಾನೆ ನೀವು ಕರಿಹಲಗೆಯ ಮೇಲೆ ಹತ್ತು ಪ್ರಶ್ನೆ ಬರೆಯುತ್ತೀರಿ. ಬಂದವರು ಚೀಟಿಯಲ್ಲಿ ಉತ್ತರ ಬರೆದು ಕೊಡುತ್ತಾರೆ, ದೂರದವರು ಫೋನಿನಲ್ಲಿ ಕಳಿಸುತ್ತಾರೆ, ಗೆದ್ದವರಿಗೆ ಒಂದು ಪೆನ್ನು. ಮೂರು ವರ್ಷದಿಂದ ಒಂದು ವಾರವೂ ತಪ್ಪದೆ ಬರೆದವಳು ನಾನು. ಆ ದಿನದ ಏಳನೆಯ ಪ್ರಶ್ನೆ, ನಮ್ಮ ಘಟಪ್ರಭೆ ಕೃಷ್ಣೆಯನ್ನು ಸೇರುವುದು ಎಲ್ಲಿ ಎಂದಿತ್ತು. ಎಲ್ಲರೂ ಕೂಡಲಸಂಗಮ ಎಂದು ಬರೆದಿದ್ದರು. ನಾನೊಬ್ಬಳು ಚಿಕ್ಕಸಂಗಮ ಎಂದು ಬರೆದಿದ್ದೆ. ನೀವು ನನ್ನ ಚೀಟಿಯನ್ನು ಎತ್ತಿ ಹಿಡಿದು, "ಒಲಿ ಮುಂದ ಕುಂತವರಿಗೆ ಹೊಳಿ ದಾರಿ ಹೆಂಗ ಗೊತ್ತಾಗಬೇಕು" ಎಂದಿರಿ. ಕಟ್ಟೆಗೆ ಕಟ್ಟೆಯೇ ನಕ್ಕಿತು. ಮೂಡಲಗಿಯಿಂದ ಬರುವ ಹಿಂಡಿ ಅಂಗಡಿಯ ರಾಚಪ್ಪ ತೊಡೆ ತಟ್ಟಿ ನಕ್ಕ, ಅದೇ ತಪ್ಪು ಉತ್ತರ ಬರೆದಿದ್ದ ಅವನೇ ಆಮೇಲೆ ಪೆನ್ನನ್ನೂ ಒಯ್ದ!

ಮನೆಗೆ ಬಂದು ನಕಾಶೆ ಬಿಚ್ಚಿ ನಿಮ್ಮೆದುರು ಇಟ್ಟೆ. ಕೂಡಲಸಂಗಮಕ್ಕೆ ಬರುವವಳು ಮಲಪ್ರಭೆ, ನಮ್ಮ ಹೊಳೆ ಅದಕ್ಕಿಂತ ಎಷ್ಟೋ ಮೊದಲೇ ಚಿಕ್ಕಸಂಗಮದಲ್ಲಿ ಕೃಷ್ಣೆಯೊಳಗೆ ಸೇರಿರುತ್ತಾಳೆ ಎಂದು ಬೆರಳಿಟ್ಟು ತೋರಿಸಿದೆ. ಇಪ್ಪತ್ತೆರಡು ವರ್ಷ ಸಮಾಜ ವಿಜ್ಞಾನ ಕಲಿಸಿದ ನೀವು ಆ ನಕಾಶೆಯ ಕಡೆ ಕಣ್ಣೆತ್ತಿ ಸಹ ನೋಡಲಿಲ್ಲ. "ಬಸವಣ್ಣ ಐಕ್ಯ ಆದ ಊರ ಹೆಸರು ಬರದವರಿಗೆ ತಪ್ಪು ಅಂತ ಹೆಂಗ ಹಾಕ್ಲಿ" ಎಂದಿರಿ. ನಾನೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳೇ. ನಮ್ಮ ಭಕ್ತಿ ನೋಡಿ ಹೊಳೆ ದಾರಿ ಬದಲಿಸುತ್ತದೆಯೇ? ನಿಮ್ಮ ತಪ್ಪನ್ನು ಮುಚ್ಚಿಕೊಳ್ಳಲು ಬಸವಣ್ಣನ ಹೆಸರು ಎಳೆದು ತಂದಿರಲ್ಲ, ಅದಕ್ಕೆ ನನಗೆ ಹೇಸಿಕೆಯಾಯಿತು.

ಇನ್ನೊಂದು ಮಾತಿದೆ. ಎದುರಿಗೆ ಹೇಳಲು ನಾಚಿಕೆಯಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ನಮ್ಮಿಬ್ಬರನ್ನೂ ಕೂಡಲಸಂಗಮಕ್ಕೆ ನಮಸ್ಕಾರಕ್ಕೆ ಕಳಿಸಿದ್ದರು. ತವರು ನೆನೆಸಿ ನಾನು ಮೆಟ್ಟಿಲ ಮೇಲೆ ಅಳುತ್ತ ಕುಳಿತಿದ್ದೆ. ನೀವು ನೀರು ತೋರಿಸಿ, "ಅಳಬ್ಯಾಡ, ಇದು ನಮ್ಮ ಕಡೆ ನೀರ ಐತಿ, ಘಟಪ್ರಭಾ ಇಲ್ಲೇ ಬಂದು ಸೇರ್ತಾಳ" ಎಂದಿರಿ. ನಾನು ಬೊಗಸೆ ತುಂಬಿ ಕುಡಿದೆ. ಹದಿನೇಳು ವರ್ಷ ಅದನ್ನೇ ನಂಬಿದ್ದೆ. ಎರಡು ವರ್ಷದ ಹಿಂದೆ ಚಿಗವ್ವ ಶಂಕ್ರವ್ವನ ಜೊತೆ ಚಿಕ್ಕಸಂಗಮಕ್ಕೆ ಹೋದಾಗ ಎರಡೂ ಹೊಳೆ ಕೂಡುವುದನ್ನು ಕಣ್ಣಾರೆ ಕಂಡೆ. ಆಗ ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ಅಳುವ ಹೆಂಡತಿಯನ್ನು ಸಮಾಧಾನ ಮಾಡಲು ಬೇಕೆಂದೇ ಸುಳ್ಳು ಹೇಳಿದ್ದಾರೆ ಎಂದುಕೊಂಡು ಮನಸ್ಸಿನಲ್ಲೇ ಮುದ್ದು ಮಾಡಿ ಇಟ್ಟುಕೊಂಡೆ. ನಿಮಗೆ ಗೊತ್ತೇ ಇರಲಿಲ್ಲ ಎಂದು ತಿಳಿದದ್ದು ಆ ರವಿವಾರ, ಮಂದಿ ಎಲ್ಲ ನನ್ನನ್ನು ನೋಡಿ ನಗುತ್ತಿದ್ದಾಗ.

ಗೊತ್ತಿಲ್ಲದಿರುವುದು ತಪ್ಪಲ್ಲ. ಹಲಗೆಯ ಮೇಲೆ ಬರೆಯುವವರಿಗೂ ಎಲ್ಲವೂ ಗೊತ್ತಿರಬೇಕೆಂದೇನಿಲ್ಲ. ಆದರೆ ಸರಿ ಬರೆದವಳ ಚೀಟಿಯನ್ನು ಎತ್ತಿ ಹಿಡಿದು ನಗಿಸಿದಿರಲ್ಲ, ಅದನ್ನು ನಾನು ನುಂಗಲಾರೆ. ನನ್ನ ಅಂಕ ನನಗೆ ಬೇಕು. ಮನೆಯೊಳಗೆ ಪಿಸುಗುಟ್ಟಿದರೆ ನಡೆಯುವುದಿಲ್ಲ, ನಗಿಸಿದ ಕಟ್ಟೆಯ ಮೇಲೆಯೇ ನನ್ನ ಹೆಸರು ಹಾಕಿ ಬರೆಯಬೇಕು. ಅಲ್ಲಿಯವರೆಗೆ ನಿಮ್ಮ ಹೊಸ್ತಿಲು ದಾಟುವುದಿಲ್ಲ.

ಮಹಾಂತೇಶ ಇನ್ನೊಂದು ಸುದ್ದಿಯನ್ನೂ ಹೇಳಿದ. ಇಲ್ಲಿ ಕಣಗಲಾದಲ್ಲಿ ನಮ್ಮ ಅವ್ವನ ಬಾಜೂ ಮನೆಯ ಹಣಮವ್ವ ಫೋನಿನಲ್ಲಿ ಉತ್ತರ ಕಳಿಸಿ ಐದು ವಾರ ಬೆನ್ನುಬೆನ್ನಿಗೆ ಗೆದ್ದಿದ್ದಾಳಂತೆ. "ಎಪ್ಪತ್ತೆಂಟರಾಗ ಏನ್ ತಲಿ, ಇಂಥವರನ್ನ ನೋಡಿ ಕಲೀರಿ" ಎಂದು ನೀವು ಕಟ್ಟೆಯಲ್ಲಿ ಹೊಗಳಿದಿರಂತೆ, ಬರುವ ರವಿವಾರ ಶಾಲು ಹೊದಿಸುತ್ತೀರಂತೆ. ಹೊದಿಸಿ, ಒಳ್ಳೆಯದೇ. ಹಣಮವ್ವನ ಮನೆಯಲ್ಲಿಯೂ ಒಲೆ ಇದೆ ಎನ್ನುವುದು ನಿಮಗೆ ಯಾಕೆ ನೆನಪಾಗಲಿಲ್ಲವೋ!

ನಾಳೆ ಹುಕ್ಕೇರಿಗೆ ಹೋಗಿ ಇದನ್ನು ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಶನಿವಾರದೊಳಗೆ ನಿಮ್ಮ ಕೈ ಸೇರಬೇಕು. ಬಿಪಿ ಗುಳಿಗೆ ತಪ್ಪಿಸಬೇಡಿ, ಕಪಾಟಿನ ಮೇಲಿನ ಅರೆಯಲ್ಲಿವೆ.

ಇಂತಿ,
ಏಳನೆಯದಕ್ಕೆ ಸರಿ ಉತ್ತರ ಬರೆದ ಒಬ್ಬಳೇ ಒಬ್ಬಳು,
ದಾನೇಶ್ವರಿ

ತಾ.ಕ.: ಹಣಮವ್ವಗೆ ಅಕ್ಷರ ಬಾರದು. ಫೋನು ಆಕೆಯದು, ಉತ್ತರವೆಲ್ಲ ನನ್ನವು. ಕಳೆದ ಗುರುವಾರ ಆಕೆಯ ಹೆಸರಿನಲ್ಲಿ, ಘಟಪ್ರಭೆ ಸೇರುವುದು ಚಿಕ್ಕಸಂಗಮದಲ್ಲಿ ಅಲ್ಲವೇ ಎಂದು ನಿಮ್ಮನ್ನು ಕೇಳಿದವಳೂ ನಾನೇ. ಅರ್ಧ ತಾಸಿನಲ್ಲಿ ನೀವು ಬರೆದಿರಿ: "ಖರೆ ಐತ್ರಿ ಅವ್ವಾರ, ತಪ್ಪು ನಂದು. ನಮ್ಮ ಮನಿಯಾಕಿ ತೋರಿಸಿದ ನಕಾಶೆ ದಿನಾ ತಗದು ನೋಡ್ತೀನಿ. ಆಕಿ ಮುಂದ ಹೇಳಾಕ ಬಾಯಿ ಬರವಲ್ದು." ಮುಖ ಕಾಣದ ಮುದುಕಿಗೆ ಹೇಳಲು ಬಂದ ಬಾಯಿ ನನ್ನ ಮುಂದೆ ಯಾಕೆ ಬರುವುದಿಲ್ಲ? ಆರು ಸಲ ಓದಿದೆ. ಆರು ಸಲವೂ ಸಿಟ್ಟು ಬಂತು, ಅಳುವೂ ಬಂತು. ರವಿವಾರ ಶಾಲು ತೆಗೆದುಕೊಳ್ಳಲು ನಾನೇ ಬರುತ್ತೇನೆ. ಹಲಗೆಯ ಮೇಲೆ ನನ್ನ ಅಂಕ ಇದ್ದರೆ, ಅದನ್ನು ಹೊದ್ದುಕೊಂಡು ಸೀದಾ ಮನೆಗೆ ಬಂದು ರೊಟ್ಟಿ ಬಡಿಯುತ್ತೇನೆ. ಇಲ್ಲದಿದ್ದರೆ, ಅದನ್ನು ಹೊದ್ದುಕೊಂಡು ಅದೇ ಕಟ್ಟೆಯ ಮೇಲೆ ನಿಂತು, ನೀವು ಹಣಮವ್ವಗೆ ಬರೆದದ್ದನ್ನು ಗಟ್ಟಿಯಾಗಿ ಓದುತ್ತೇನೆ.