ಕೇಳಿದ್ದು ಬೇರೆ, ಒಪ್ಪಿದ್ದು ಬೇರೆ

ಫೆಬ್ರವರಿ 3, ಮಂಗಳವಾರ. ಸಂಜೆ 6

ಕೊಟ್ಟ ಮಾತು: ಊರವರನ್ನು ಕೇಳದೆ ಕುರಿ ಮೇಯುವ ಗಾಯರಾನ ಮುಟ್ಟುವುದಿಲ್ಲ. ಕುಂಟೆಯ ನೀರು ಕುರಿಗಳಿಗೇ ಬಿಡುತ್ತೇವೆ. ಗಡಿ ಊರಾದ್ದರಿಂದ ಕಾಗದವೆಲ್ಲ ತೆಲುಗು, ಕನ್ನಡ ಎರಡರಲ್ಲೂ ಕೊಡುತ್ತೇವೆ.

ಕೊಡದೆ ಹೋದದ್ದು: ನಕಾಶೆಯ ನಕಲು. ಸಭೆಯ ವರದಿ. ಹೆಂಗಸರ ಕೈಗೆ ಮೈಕು.

ಖಣಿ ಕಂಪನಿಯ ಅನಿಲಕುಮಾರ ನವೆಂಬರ್‌ನಲ್ಲಿ ಪಂಚಾಯಿತಿ ಮುಂದೆ ನಿಂತು ಅಂದದ್ದು ಇಷ್ಟು. 'ಅಶ್ಯೂರ್ ಮಾಡ್ತೀನ್ರಿ' ಎಂದ. ಎನ್‌ಶ್ಯೂರ್ ಮಾಡುತ್ತೇನೆ ಎನ್ನಲಿಲ್ಲ. ಇವತ್ತು ಒಂಬತ್ತನೇ ಕ್ಲಾಸಿಗೆ ಇದೇ ಪಾಠ ಮಾಡಿದೆ. ಅಶ್ಯೂರ್—ಧೈರ್ಯ ಹೇಳುವುದು. ಎನ್‌ಶ್ಯೂರ್—ಆಗುವ ಹಾಗೆ ನೋಡಿಕೊಳ್ಳುವುದು. ಮಕ್ಕಳಿಗೆ ಅರ್ಥವಾಯಿತು.

ಮನೆಗೆ ಬಂದರೆ ಹೊಸ್ತಿಲಲ್ಲಿ ಸುಭದ್ರಮ್ಮ. ಎಂಬತ್ತು ಕುರಿಗಳ ಒಡತಿ, ನಮ್ಮ ಮಹಿಳಾ ಸಂಘದ ಅಧ್ಯಕ್ಷೆ. ಪಂಚಾಯಿತಿ ಗೋಡೆಯ ನೋಟಿಸನ್ನೇ ಕಿತ್ತು ತಂದಿದ್ದಾಳೆ.

"ಓದ್ ಟೀಚರವ್ವಾ. ಇಂಗ್ಲಿಷ್‌ದಾಗ ಬೈದಾರೋ ಹೊಗಳ್ಯಾರೋ ತಿಳಿವಲ್ದು."

ಓದಿದೆ. ಗಾಯರಾನದ ನಲವತ್ತು ಎಕರೆ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗೆ. ಊರವರ ಕನ್ಸೆಂಟ್ ಸಿಕ್ಕಿದೆ. ಮೂವತ್ತೇಳು ಸಹಿ. ತಕರಾರಿಗೆ ಕೊನೆಯ ದಿನ ಫೆಬ್ರವರಿ 12. ಊರಿಗೆ ತಿಳಿಯಬಾರದೆಂದೇ ಇಂಗ್ಲಿಷು.

"ಕನ್ಸೆಂಟ್ ಅಂದ್ರ?"

"ಒಪ್ಪಿಗಿ, ಅಕ್ಕಾ."

"ಯಾರ್ ಒಪ್ಪಿಗಿ? ಸಭಿಗಿ ಕರದಾಗ ಏನೋ ಬ್ಯಾರೆ ಅಂದಿದ್ರಲ್ಲ?"

"ಕನ್ಸಲ್ಟೇಶನ್. ಅಂದ್ರ ಕೇಳೋದು, ವಿಚಾರಸೋದು."

"ಹಂಗಾದ್ರ ಹೆಣ್ಣ ನೋಡಾಕ ಬಂದಾವ ಹೆಣ್ಣ ಎತ್ಕೊಂಡೇ ಹೋಗ್ಯಾನ ಅನ್ನು!"

ನಕ್ಕಳು. ನನಗೆ ನಗು ಬರಲಿಲ್ಲ. ಆ ಮೂವತ್ತೇಳು ಸಹಿ ಎಲ್ಲಿಂದ ಬಂದಿರಬಹುದು... ನಾಳೆಯೇ ಪಂಚಾಯಿತಿಗೆ ಹೋಗಿ ನೋಡಬೇಕು.

ಫೆಬ್ರವರಿ 4. ಮಧ್ಯಾಹ್ನ, ಊಟದ ಬಿಡುವು

ಪಂಚಾಯಿತಿಗೆ ಹೋಗಿ ಬಂದೆ. ಗುಮಾಸ್ತ ರಾಮುಲು ಜೆರಾಕ್ಸ್ ತೋರಿಸಿದ, ಕೊಡಲಿಲ್ಲ. ನಮ್ಮ ಸಂಘದ ಪುಸ್ತಕದ್ದೇ ಹಾಳೆ.

ನಮ್ಮ ರೂಢಿ ಹೀಗೆ: ಬಂದವರು ಮೊದಲು ಸಹಿ ಹಾಕುತ್ತಾರೆ, ಆಮೇಲೆ ಮಾತು. ಹೆಬ್ಬೆಟ್ಟು ಬಿಡಿಸಿ ಸಹಿ ಕಲಿಸಿದವಳು ನಾನು. ಕಲಿತ ಸಹಿ ಹಾಕಲು ಅವರಿಗೆ ಎಲ್ಲಿಲ್ಲದ ಖುಷಿ. ಹಾಳೆಯ ಮೇಲರ್ಧ ಖಾಲಿ ಬಿಡಿಸುತ್ತಿದ್ದೆ, ಠರಾವು ಆಮೇಲೆ ಮನೆಯಲ್ಲಿ ಕೂತು ಬರೆಯಲು. ನವೆಂಬರ್ ಸಭೆಗೂ ಅದೇ ಪುಸ್ತಕ ಒಯ್ದಿದ್ದೆ. ಮುಗಿದ ಮೇಲೆ ಅನಿಲಕುಮಾರ ಬಂದು, "ಹಾಜರಿ ಹಾಳಿ ಕೊಡ್ರಿ ಮೇಡಂ, ಜೆರಾಕ್ಸ್ ಮಾಡ್ಸಿ ಕಳಸ್ತೀನಿ" ಎಂದ. ಹರಿದು ಕೊಟ್ಟೆ. ಖಾಲಿ ಜಾಗ ಸಮೇತ. ವಾಪಸು ಬರಲೇ ಇಲ್ಲ, ನಾನೂ ಕೇಳಲಿಲ್ಲ.

ಈಗ ಆ ಜಾಗದಲ್ಲಿ ಮೂರು ಸಾಲು ಟೈಪು, ಖಣಿಗೆ ನಮ್ಮ ಒಪ್ಪಿಗೆ ಇದೆ ಎಂದು. ಕೆಳಗೆ ಮೊದಲ ಸಹಿ ನನ್ನದೇ—ಧಮ್ಮಶೀಲಾ, ಕಾರ್ಯದರ್ಶಿ.

ಅದೇ ದಿನ. ಸಂಜೆ 7

ಅನಿಲಕುಮಾರನ ಫೋನು.

"ಯಾಕ್ರಿ ಮೇಡಂ, ಪಂಚಾಯ್ತಿಗಿ ಹೋಗಿದ್ರಂತ? ಕನ್ಸಲ್ಟ್, ಕನ್ಸೆಂಟ್ ಎಲ್ಲಾ ಅಣ್ಣತಮ್ಮಂದಿರೇ."

"ಅಣ್ಣನ್ನ ಕರದ್ರ ತಮ್ಮ ಬಂದು ಹೊಲ ಬರಸ್ಕೋತಾನೇನ್ರಿ?"

"ಸಿಟ್ಟ್ ಬ್ಯಾಡ್ರಿ. ಹಾಳಿ ಕೊಟ್ಟಾಕಿ ನೀವ. ಹೆಣ್ಮಕ್ಕಳಿಗಿ ಗೊತ್ತಾದ್ರ ನಿಮ್ ಮರ್ಯಾದಿನೇ ಹೋಗ್ತದ. ಮತ್ತ ನಿಮ್ ಸಾಲಿ ಮಾಲಕ್ರು ನಮ್ಮ ಪಾರ್ಟನರ್ ಅದಾರ, ನೆನಪಿರ್ಲಿ."

ಇಟ್ಟುಬಿಟ್ಟ.

ಫೆಬ್ರವರಿ 9, ಸೋಮವಾರ

ನಾಲ್ಕು ದಿನ ಪೆನ್ನು ಮುಟ್ಟಲಿಲ್ಲ. ಹೆದರಿಕೆ. ಊರಿಗೆಲ್ಲ ಹೆದರಬೇಡಿ ಎಂದು ಭಾಷಣ ಮಾಡಿದವಳು! ನಮ್ಮ ದಲಿತ ಓಣಿಯ ಹೆಂಗಸರೂ ಕುರುಬರ ಓಣಿಯ ಹೆಂಗಸರೂ ಒಂದೇ ಚಾಪೆಯ ಮೇಲೆ ಕೂರಲು ನಾಲ್ಕು ವರ್ಷ ಹಿಡಿದಿತ್ತು. ಒಂದು ಹಾಳೆಗೆ ಅದೂ ಹೋಗಿಬಿಟ್ಟರೆ?

ಇವತ್ತು ಹೇಳಿಬಿಟ್ಟೆ. ಸುಭದ್ರಮ್ಮನ ಕುರಿದೊಡ್ಡಿಯಲ್ಲಿ, ಎಲ್ಲರೆದುರು.

"ಇಷ್ಟ್ ದಿನ ಹೊಟ್ಟ್ಯಾಗ ಇಟ್ಕೊಂಡು ತಿರಗಿದೇನು?" ಸುಭದ್ರಮ್ಮ ಅಂದಳು. "ಸಹಿ ಹಾಕೋದು ಕಲ್ಸಿದಿ. ಯಾವಾಗ ಹಾಕಬಾರ್ದು ಅಂತ ಕಲ್ಸಲಿಲ್ಲ."

"ತಪ್ಪಾತು ಅಕ್ಕಾ."

"ತಪ್ಪು ನಿಂದು. ಮೋಸ ಅವ್ರದು. ಎರಡೂ ಒಂದೇ ಬುಟ್ಟ್ಯಾಗ ಹಾಕಬ್ಯಾಡ."

ಮೂಲೆಯಲ್ಲಿ ಉಣ್ಣೆ ಬಿಡಿಸುತ್ತಿದ್ದ ಅವಳ ಗಂಡ ಮಾಳಿಂಗಪ್ಪ ತಲೆ ಎತ್ತಿದ. "ಗೊಬ್ಬರಕ್ಕ ಹೊಲದಾಗ ಕುರಿ ಕೂಡಸ್ರಿ ಅಂತ ಯಾರಾದ್ರೂ ಕೇಳಾಕ ಬಂದ್ರ ಚಾ ಕುಡಿತೀವಿ, ಮಾತಾಡ್ತೀವಿ. ಎಲಿ-ಅಡಕಿ ಕೈಯಾಗ ತಗೊಂಡ್ರೇ ಒಪ್ಪಿದಂಗ. ಅವತ್ತ ನೀವೇನ್ ಮಾಡಿದ್ರಿ?"

ಸುಭದ್ರಮ್ಮ ಎದ್ದು ನಿಂತಳು. "ಚಾ ಕುಡದೀವಿ. ಎಲಿ ಮುಟ್ಟಿಲ್ಲ! ತಾಟ್ ತುಂಬ ಇಟ್ಟಿದ್ರು, ಒಬ್ಬಾಕಿನೂ ಮುಟ್ಟಿಲ್ಲ!"

ಕಂಪನಿಯವರೇ ವಾಟ್ಸಾಪಿಗೆ ಹಾಕಿದ್ದ ಫೋಟೋ ತೆಗೆದೆವು. ಸಭೆ ಮುಗಿದು ಎಲ್ಲರೂ ಎದ್ದಿದ್ದಾರೆ. ಚಹದ ಕಪ್ಪುಗಳು ಖಾಲಿ. ಎಲೆಯ ತಟ್ಟೆ ಇಟ್ಟ ಹಾಗೇ ಇದೆ. ಅಲ್ಲೇ ಕೂತಿದ್ದ ನಾನು ನೋಡಿರಲಿಲ್ಲ. ಬೋರ್ಡಿನ ಮೇಲೆ ಪದಗಳ ವ್ಯತ್ಯಾಸ ಬರೆಯುವವಳು! ಇವರು ಕೇಳಿಸಿಕೊಂಡರು, ಒಪ್ಪದೆ ಎದ್ದು ಬಂದರು. ಅಷ್ಟು ಸ್ಪಷ್ಟ.

ತಕರಾರು ಅಲ್ಲೇ ಬರೆದೆ. ಮೂರು ಸಲ ಓದಿಸಿಕೊಂಡರು.

ಫೆಬ್ರವರಿ 12, ಗುರುವಾರ. ಸಂಜೆ

ತಕರಾರು ಕೊಡಬೇಕಾದ ಸರ್ಕಾರಿ ಕಚೇರಿ ಇರುವ ತಾಂಡೂರಿಗೆ ಹೋದೆವು. ಇಪ್ಪತ್ತಾರು ಜನ, ಎರಡು ಟ್ರಾಲಿ ಆಟೋ. ತಕರಾರು ಅರ್ಜಿ, ಫೋಟೋ, ಜೊತೆಗೆ ನನ್ನ ಹೇಳಿಕೆ—ಹಾಳೆ ಖಾಲಿ ಇತ್ತು, ಕೊಟ್ಟವಳು ನಾನು.

ಕಚೇರಿಯ ಸಾಹೇಬ ಅರ್ಜಿಯ ಮೂಲೆಯಲ್ಲಿ 'ಸೀನ್' ಎಂದು ಗೀಚಿದ.

"ಸೀನ್ ಅಂದ್ರ ನೋಡೀನಿ ಅಂತ ಆತ್ರಿ. ರಿಸೀವ್ಡ್, ಅರ್ಜಿ ಕೈಗಿ ಬಂದದ ಅಂತ ಬರೀರಿ. ಸಿಕ್ಕಾ ಹಾಕ್ರಿ," ಅಂದೆ.

"ರೆಂಡೂ ಒಕಟೇ ಕದಮ್ಮಾ," ಎಂದ. ಎರಡೂ ಒಂದೇ ಅಂತೆ!

ಸುಭದ್ರಮ್ಮ ಬಾಗಿಲಿಗೆ ಅಡ್ಡ ಕೂತಳು. "ಸಾಹೇಬ್ರಾ, ನಿಮ್ ಪಗಾರ ಕಣ್ಣೀಲೆ ನೋಡಿದ್ರ ಸಾಕೇನ್ರಿ, ಕೈಗಿ ಬರಬೇಕೇನ್ರಿ?"

ಸಿಪಾಯಿಯೂ ನಕ್ಕ. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಒಂದು ಗಂಟೆ ಯಾರಿಗೂ ಒಳಗೆ ಹೋಗಲಾಗಲಿಲ್ಲ, ಹೊರಗೆ ಬರಲಾಗಲಿಲ್ಲ. ಕೊನೆಗೆ ಸಿಕ್ಕಾ, ಕಚೇರಿಯ ಮುದ್ರೆ, ಬಿತ್ತು. ರಿಸೀವ್ಡ್. ವಿಚಾರಣೆಗೆ ದಿನ ಕೊಟ್ಟರು. ಅದು ಮುಗಿಯುವವರೆಗೆ ಗಾಯರಾನದಲ್ಲಿ ಯಂತ್ರ ಇಳಿಸಕೂಡದು—ಅದನ್ನೂ ಬರೆಸಿಕೊಂಡು ಬಂದೆವು.

ಬರುವಾಗ ಶಾಲೆಯ ಮಾಲೀಕನ ಮೆಸೇಜು. ವಿಚಾರಣೆಗೆ ಹೋದರೆ ಮರುದಿನದಿಂದ ಕೆಲಸಕ್ಕೆ ಬರಬೇಕಿಲ್ಲ. ಮನೆಗೆ ಬಂದ ಮೇಲೆ ಅವ್ವ ಅದನ್ನು ನನ್ನಿಂದ ಓದಿಸಿಕೊಂಡಳು.

"ಹೋಗ್ತಿ ಹೌದಿಲ್ಲೋ?" ಎಂದಳು, ಅಷ್ಟೇ.

ಹೋಗುತ್ತೇನೆ. ಅನಿಲಕುಮಾರನ ಎದುರು ಮೊದಲು ನಾನು ನಿಲ್ಲಬೇಕು. ಆಮೇಲೆ ಉಳಿದ ಮೂವತ್ತಾರು ಜನ, ಒಬ್ಬೊಬ್ಬರಾಗಿ, ತಮ್ಮ ಬಾಯಿಂದಲೇ ಒಪ್ಪಿಲ್ಲ ಎನ್ನಬೇಕು. ತಾಂಡೂರು ಕಚೇರಿ. ಫೆಬ್ರವರಿ 19, ಗುರುವಾರ. ಬೆಳಿಗ್ಗೆ ಹನ್ನೊಂದಕ್ಕೆ.